ಅಕ್ಕನ ಹುಳುಮನೆಯಲ್ಲಿ ಒಂದು ದಿನ

ತಿಂಗಳ ಕೊನೆಗೆ ನನಗೆ ಸಂಬಳ ಬರುತ್ತದೆ. ಫೋನು ಒಂದು ಸಲ ಸದ್ದು ಮಾಡುತ್ತದೆ, ಅಷ್ಟೇ. ಕೋಲಾರದ ನಮ್ಮ ಕಚೇರಿಯಲ್ಲಿ ಪಕ್ಕದ ಮೇಜಿನವರ ಫೋನೂ ಅದೇ ಹೊತ್ತಿಗೆ ಸದ್ದು ಮಾಡುತ್ತದೆ. ಯಾರೂ ತಲೆ ಎತ್ತುವುದಿಲ್ಲ.

ನನ್ನ ಅಕ್ಕ ಸುಗಟೂರಿನಲ್ಲಿ ರೇಷ್ಮೆ ಹುಳು ಸಾಕುತ್ತಾಳೆ. ಗೂಡಿನ ರೇಟು ಬಿದ್ದರೆ ಒಂದು ಬೆಳೆಯ ದುಡಿಮೆಯೆಲ್ಲ ಸೊಪ್ಪಿನ ಖರ್ಚಿಗೇ ಸರಿಹೋಗುತ್ತದೆ. ವರ್ಷವಿಡೀ ಬೆವರು ಸುರಿಸಿದರೂ ಅವಳ ಕೈಗೆ ಬರುವುದು ನನ್ನ ವರ್ಷದ ಸಂಬಳದ ಅರ್ಧವೂ ಇರಲಿಕ್ಕಿಲ್ಲ. ಆದರೂ ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ನಯವಾದ ಮಾತಿನಲ್ಲಿ ಮುಚ್ಚಿಡುವುದು ನನಗೆ ಬೇಕಿಲ್ಲ. ಓದಿದವಳು ನಾನು, ಕೆಲಸ ಹಿಡಿದವಳು ನಾನು, ಪುಣ್ಯವಂತೆ ಎಂದು ನೆಂಟರೆಲ್ಲ ಹೊಗಳಿದ್ದು ನನ್ನನ್ನು. ಹೊಟ್ಟೆ ಹಿಡಿದುಕೊಂಡು ನಗುವುದು ಮಾತ್ರ ಅವಳು.

ಹುಳು ಹಣ್ಣಾಗುವ ದಿನ ಅವಳ ಮನೆಯನ್ನು ನೋಡಬೇಕು. ಸೊಪ್ಪು ತಿನ್ನುವುದನ್ನು ಬಿಟ್ಟು ಹುಳು ತಲೆ ಎತ್ತಿತೆಂದರೆ, ಅಷ್ಟನ್ನೂ ಒಂದೇ ದಿನದಲ್ಲಿ ಆರಿಸಿ ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ಗೂಡು ಕಟ್ಟುವುದು ಅಲ್ಲಿಯೇ. ಒಬ್ಬರ ಕೈಲಾಗುವ ಕೆಲಸವಲ್ಲ. ಅಕ್ಕಪಕ್ಕದ ಹತ್ತು ಹೆಂಗಸರು ಮುಯ್ಯಾಳಿಗೆ ಬರುತ್ತಾರೆ. ಇವತ್ತು ಅವರು ಇವಳ ಮನೆಗೆ, ಅವರ ಹುಳು ಹಣ್ಣಾದಾಗ ಇವಳು ಅವರ ಮನೆಗೆ. ಕೂಲಿ ಇಲ್ಲ. ಊಟ ಇದೆ, ಕಾಫಿ ಇದೆ, ಹರಟೆಗಂತೂ ಬರವಿಲ್ಲ.

ಕಳೆದ ವರ್ಷ ಅಂಥ ಒಂದು ದಿನ ರಜೆ ಹಾಕಿ ಹೋದೆ. ಯಾರೂ ಕರೆದಿರಲಿಲ್ಲ. ಆ ಹೆಂಗಸರ ನಡುವೆ ನಾನೂ ಒಮ್ಮೆ ಕೂರಬೇಕು ಅನ್ನಿಸಿತ್ತು. ಹುಳುಮನೆಯ ಬಾಗಿಲಲ್ಲಿ ಕೈ ತೊಳೆಯುವಾಗ ನೆನಪಾಯಿತು. ಬೆಳಿಗ್ಗೆ ಹೊರಡುವಾಗ ಮೊಣಕೈವರೆಗೆ ಸೊಳ್ಳೆ ಕ್ರೀಮು ಬಳಿದುಕೊಂಡಿದ್ದೆ! ಹುಳು ಸಾಕುವವರು ಮನೆಯಲ್ಲಿ ಸೊಳ್ಳೆಬತ್ತಿಯನ್ನೂ ಹಚ್ಚುವುದಿಲ್ಲ. ಹುಳು ಉಳಿಯುವುದಿಲ್ಲವೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹೇಳಿದರೆ ಅಕ್ಕ ನನ್ನನ್ನು ಜಗಲಿಯಲ್ಲಿ ಕೂರಿಸಿ, ನೆಂಟರಿಗೆ ಕೊಟ್ಟ ಹಾಗೆ ಕಾಫಿ ಕೊಡುತ್ತಾಳೆ. ಒಳಗಿಂದ ನಗು ಕೇಳಿಸುತ್ತಿತ್ತು. ಬರೀ ನೀರಿನಲ್ಲಿ ಎರಡು ಸಲ ಉಜ್ಜಿಕೊಂಡು ಒಳಗೆ ಹೋದೆ.

ನನ್ನ ಪಕ್ಕ ಕೂತಿದ್ದ ಮುದುಕಿ, "ಜೀತಂ ಎಂತಮ್ಮಾ ನೀಕು?" ಎಂದು ತೆಲುಗಿನಲ್ಲಿ ನನ್ನ ಸಂಬಳ ಕೇಳಿದಳು. ಎಲ್ಲರಿಗೂ ಕೇಳಿಸಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

"ಅಯ್ಯೋ, ನಂಗಷ್ಟು ಬಂದಿದ್ರೆ ಈ ಹುಳದ ಮುಖ ಯಾಕಮ್ಮ ನೋಡ್ತಿದ್ದೆ? ನನ್ ಸೊಸೆ ಮುಖಾನೂ ನೋಡ್ತಿರ್ಲಿಲ್ಲ!" ಎಂದಳು ಮುದುಕಿ.

ಎದುರಿಗಿದ್ದ ಸೊಸೆ ಕೈ ನಿಲ್ಲಿಸದೆ, "ಹೋಗು ಅತ್ತೆ, ನಿನ್ ಮುಖ ನೋಡದೆ ನಾನೇನ್ ಸತ್ತೋಗ್ತಿದ್ನಾ?" ಅಂದಳು. ಹುಳುಮನೆಯೆಲ್ಲ ನಗು. ಅಕ್ಕನಂತೂ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನ್ನ ಸಂಬಳದ ಮಾತು ಅಲ್ಲಿಗೆ ಮುಗಿಯಿತು. ಮೈಯೆಲ್ಲ ಉರಿಯಿತು. ಆದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ನಾನೂ ಅವರ ಜೊತೆ ನಗುತ್ತಿದ್ದೆ, ಕ್ರೀಮು ಮರೆತೇ ಹೋಗಿತ್ತು.

ಸಂಜೆ ನಾನು ತುಂಬಿದ ಮೂರು ಚಂದ್ರಿಕೆಗಳಿಂದ ಹುಳುಗಳು ಉದುರತೊಡಗಿದವು. ಬಾಯಲ್ಲಿ ನೀರು ಕಾರಿ, ಮೈ ಮುದುಡಿ ಬೀಳುತ್ತಿದ್ದವು. ಉಳಿದ ಚಂದ್ರಿಕೆಗಳಲ್ಲಿ ಆಗಲೇ ನೂಲು ಕಾಣುತ್ತಿತ್ತು. ಹೆಂಗಸರು ಸುತ್ತ ನಿಂತು ಇದೇನು ರೋಗವೋ ಎಂದು ಮಾತಾಡಿಕೊಂಡರು. ಅಕ್ಕ ನನ್ನ ಕೈ ಹಿಡಿದೆತ್ತಿ ಮೂಗಿನ ಹತ್ತಿರ ತಂದಳು. ನನ್ನ ಮುಖ ನೋಡಿದಳು. ಆಮೇಲೆ ಕೈ ಬಿಟ್ಟಳು.

"ಪಕ್ಕದ ತೋಟದಲ್ಲಿ ಟೊಮೇಟೊಗೆ ಔಷಧಿ ಹೊಡೆದಿದ್ರಲ್ಲ, ಆ ಕಡೆ ಸಾಲಿನ ಸೊಪ್ಪು ತಿಂದ ಹುಳ ಇರ್ಬೇಕು," ಎಂದು ಹೆಂಗಸರಿಗೆ ಹೇಳಿದಳು.

ಬಸ್ಸಿಗೆ ಕಳಿಸಲು ಬಂದಾಗಲೂ ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನೇ ತಡೆಯಲಾರದೆ, "ಎಷ್ಟು ಲುಕ್ಸಾನಾಯ್ತೋ ಹೇಳಕ್ಕ, ಕೊಟ್ಬಿಡ್ತೀನಿ," ಎಂದೆ.

"ನಿನ್ ಹತ್ರ ದುಡ್ಡಿದೆ ಅಂತ ನಂಗೊತ್ತಿಲ್ವೇನೇ? ಕೈಗೆ ಕ್ರೀಮ್ ಬಳ್ಕೊಂಡಿದೀನಿ ಅಂತ ಬೆಳಿಗ್ಗೆ ಹೇಳಿದ್ರೆ ಸೋಪ್ ಕೊಟ್ಟು ಅಡುಗೆ ಮನೆಗೆ ಕಳಿಸ್ತಿದ್ದೆ ಕಣೇ. ಅಲ್ಲೂ ಮೂರು ಜನ ಮುದ್ದೆ ತಿರುವ್ಕೊಂಡು ಹರಟೆ ಹೊಡೀತಿದ್ರು. ನಿನ್ನನ್ಯಾರು ಹೊರಗೆ ಕೂರ್ಸೋರು?"

ಬಸ್ಸು ಬಂತು. ನಾನು ಸೀಟು ಹಿಡಿಯುವ ಮೊದಲೇ ಬೀದಿಯ ಆ ತುದಿಯಿಂದ ಯಾರೋ ಅವಳನ್ನು ಕೂಗಿದರು. "ಬಂದೇ!" ಎಂದು ಅವಳು ಸೆರಗು ಸಿಕ್ಕಿಸಿಕೊಂಡು ಓಡಿದಳು. ಸತ್ತಿದ್ದು ಅವಳ ಹುಳು, ಸಾಯಿಸಿದವಳು ನಾನು. ಆದರೂ ಕಿಟಕಿಯಿಂದ ಅವಳ ಬೆನ್ನನ್ನೇ ನೋಡುತ್ತಾ ಕೂತ ನನಗೆ, ದೇವರಾಣೆಗೂ, ಹೊಟ್ಟೆಕಿಚ್ಚೇ ಆಯಿತು.