ದೊಡ್ಡವ್ವ ದಲ್ಲಾಳಿಯನ್ನು ಬದಲಿಸಿದ್ದು

ಬಸ್ಸು ಗಂಗಾವತಿ ಸಮೀಪಿಸುತ್ತಿದ್ದಂತೆ ಕಿಟಕಿಯಿಂದ ಭತ್ತ ಬೇಯಿಸುವ ಬಿಸಿ ವಾಸನೆ ಒಳಗೆ ನುಗ್ಗಿತು. ಅದನ್ನು ಸುವಾಸನೆ ಎನ್ನಲಾರೆ. ದುರ್ವಾಸನೆ ಎಂದರೆ ಊರವರು ನನ್ನನ್ನು ಬಿಡಲಾರರು. ಆ ವಾಸನೆ ಬಂದರೆ ನನಗೆ ಅನ್ನ ನೆನಪಾಗುವುದಿಲ್ಲ, ಷೇರುಪೇಟೆ ನೆನಪಾಗುತ್ತದೆ. ನಗಬೇಡಿ. ನಿಲ್ದಾಣ ಬರಲು ಇನ್ನೂ ಹೊತ್ತಿದೆ, ಕಾರಣ ಹೇಳಿಬಿಡುತ್ತೇನೆ.

ನನ್ನ ತಾಯಿಯ ತಮ್ಮ ವೀರೇಶ ಮಾಮ ಈ ಊರಿನಲ್ಲಿ ಷೇರು ದಲ್ಲಾಳಿಯಾಗಿದ್ದ. ತೊಂಬತ್ತರ ದಶಕ ಮುಗಿಯುವ ಕಾಲಕ್ಕೆ ಸ್ಕೂಟರಿನಲ್ಲಿ ಅರ್ಜಿ ಫಾರಂಗಳ ಕಟ್ಟು ಹೇರಿಕೊಂಡು ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಎಂದು ಸುತ್ತುತ್ತಿದ್ದ. ಸಾಲಿ ಮಾಸ್ತರರನ್ನೂ ಕಿರಾಣಿ ಅಂಗಡಿಯವರನ್ನೂ ಕೂಡಿಸಿಕೊಂಡು, ಕಂಪನಿಯೊಂದರ ಸಣ್ಣ ತುಣುಕಿಗೆ ತಾವೂ ಮಾಲೀಕರಾಗಬಹುದು ಎಂದು ತಿಳಿಸಿ ಹೇಳುತ್ತಿದ್ದ. ಷೇರುಗಳು ಕಾಗದ ಬಿಟ್ಟು ಕಂಪ್ಯೂಟರ್ ಸೇರಿದ ಮೇಲೆ ಮಾಮನೂ ಸ್ಕೂಟರ್ ಬಿಟ್ಟ. ದೂರದ ದೊಡ್ಡ ಕಂಪನಿಯೊಂದರ ಏಜೆನ್ಸಿ ಹಿಡಿದು, ಅಕ್ಕಿ ಗಿರಣಿಯ ಪಕ್ಕದ ಮಹಡಿಯಲ್ಲಿ ಕೋಣೆ ಮಾಡಿದ. ಗೋಡೆಗೊಂದು ಟಿವಿ, ಅದರ ಕೆಳಗೆ ಓಡುವ ಕೆಂಪು ಹಸಿರು ಅಂಕಿಗಳು, ಎದುರಿಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಗಿರಣಿ ಸಾವ್ಕಾರರು. ಶ್ರೀರಾಮನಗರದಿಂದ ಬರುವ ತೆಲುಗು ಮಾತಿನ ಭತ್ತದ ರೈತರು "ವೀರೇಶ್ ಗಾರು" ಎನ್ನುತ್ತ ಬಂದು ಕೂಡುತ್ತಿದ್ದರು. ಕಿಟಕಿಯಿಂದ ಸದಾ ಗಿರಣಿಯ ಹಬೆ. ಷೇರುಪೇಟೆ ಎಂದರೆ ಹೀಗೇ ನಾರುತ್ತದೆ ಎಂದು ಬಹಳ ವರ್ಷ ನಾನು ನಂಬಿದ್ದೆ.

ಆ ಕುರ್ಚಿಗಳಲ್ಲಿ ಕೂಡುತ್ತಿದ್ದ ಒಬ್ಬಳೇ ಹೆಂಗಸು ನನ್ನ ದೊಡ್ಡವ್ವ ಪಾರ್ವತೆವ್ವ. ಮಾಮನಿಗೆ ಹಿರಿಯಕ್ಕ, ಕುಷ್ಟಗಿಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಔಷಧದ ಡಬ್ಬಿಯ ಮೇಲಿನ ಇರುವೆಯಂಥ ಅಕ್ಷರಗಳನ್ನು ಓದಿಯೇ ಸೂಜಿ ಹಿಡಿಯುತ್ತಿದ್ದಳು. ಆ ಚಟ ನಿವೃತ್ತಿಯಾಗಲಿಲ್ಲ. ಬಿಸ್ಕತ್ತಿನ ಪೊಟ್ಟಣ, ಬಸ್ ಟಿಕೆಟಿನ ಹಿಂಬದಿ, ಸೀರೆಯ ಚೀಟಿ, ಎಲ್ಲವನ್ನೂ ಓದುವಳು. ಪಿಂಚಣಿಯಲ್ಲಿ ಉಳಿದಷ್ಟಕ್ಕೆ ವರ್ಷಕ್ಕೆ ನಾಲ್ಕೈದು ಸಲ ಎರಡೋ ಮೂರೋ ಷೇರು ಕೊಳ್ಳುವಳು. ತಾನು ಮುಂಜಾನೆ ಹಲ್ಲುಜ್ಜುವ ಪೇಸ್ಟಿನ ಕಂಪನಿಯಲ್ಲಿ ತನ್ನದೂ ಪಾಲಿದೆ ಎಂಬುದು ಅವಳಿಗೆ ದೊಡ್ಡ ತಮಾಷೆ.

ಮೊಬೈಲಿನಲ್ಲೇ ಷೇರು ಕೊಳ್ಳುವ ಅಗ್ಗದ ಕಂಪನಿಗಳು ಬಂದ ಹೊಸತರಲ್ಲಿ ಅವಳ ಕುತೂಹಲ ಕೆರಳಿತು. ಮಾಮನ ಕಂಪನಿಯಲ್ಲಿ ಎಷ್ಟೇ ಸಣ್ಣ ವ್ಯವಹಾರವಿರಲಿ, ಕನಿಷ್ಠ ಇಷ್ಟು ದಲಾಲಿ ಎಂಬ ನಿಯಮವಿತ್ತು. ಸಾವ್ಕಾರರಿಗೆ ಅದು ಲೆಕ್ಕಕ್ಕಿಲ್ಲ. ಎರಡು ಷೇರು ಕೊಳ್ಳುವ ದೊಡ್ಡವ್ವನಿಗೆ ಅದು ಮೀನಿಗಿಂತ ಮುಳ್ಳೇ ಹೆಚ್ಚಾದಂತೆ. ಹೊಸಬರು ಬಹಳ ಕಡಿಮೆ ಕೇಳುತ್ತಿದ್ದರು, ಕೆಲವರು ಏನೂ ಕೇಳುತ್ತಿರಲಿಲ್ಲ. "ಏನೂ ತಗೊಳ್ಳದ ಅವರು ಉಣ್ಣೂದೇನು?" ಎಂಬುದು ದೊಡ್ಡವ್ವನ ಪ್ರಶ್ನೆ.

ಉತ್ತರ ಹುಡುಕಲು ಅವಳು ಒಂದೊಂದು ಕಂಪನಿಗೂ ಫೋನ್ ಹಚ್ಚತೊಡಗಿದಳು. ಆಗ ನಾನು ಯಲಬುರ್ಗಾದ ತಾಲ್ಲೂಕು ಕಚೇರಿಯಲ್ಲಿದ್ದೆ. ರಜೆಗೆ ಕುಷ್ಟಗಿಗೆ ಹೋದಾಗ ಒಮ್ಮೆ ಅಂಥದೊಂದು ಸಂಭಾಷಣೆಗೆ ಸಾಕ್ಷಿಯಾದೆ. ಸ್ಪೀಕರ್ ಹಚ್ಚಿ, ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತ ಅವಳು ಕೇಳಿದಳು: "ಖಾತಿ ಮುಚ್ಚೂದು ಹ್ಯಾಂಗಪಾ?"

"ಮೇಡಂ, ನೀವಿನ್ನೂ ಖಾತೆ ತೆರೆದೇ ಇಲ್ಲವಲ್ಲ" ಎಂದಿತು ಆ ಕಡೆಯ ಎಳೆಯ ದನಿ.

"ಅದಕ್ಕ ಈಗ ಕೇಳಾಕತ್ತೀನಿ. ಒಳಗ ಹೋಗೂ ಮೊದಲ ಹೊರಗ ಬರೂ ಬಾಗಿಲ ಎಲ್ಲೈತಿ ಅಂತ ನೋಡಬಾರದೇನು?"

ಆ ಕಡೆ ಸ್ವಲ್ಪ ಹೊತ್ತು ಹಾಡು ಕೇಳಿಸಿತು. ಆಮೇಲೆ ಫೋನು ಸತ್ತಿತು. "ಇದು ಬ್ಯಾಡ" ಎಂದು ದೊಡ್ಡವ್ವ ಸೊಪ್ಪಿನ ಕಡ್ಡಿಯೊಂದನ್ನು ಪಕ್ಕಕ್ಕೆಸೆದಳು.

ಹೀಗೆ ಸೋಸುತ್ತ ಸೋಸುತ್ತ ಮೂರು ಹೆಸರು ಉಳಿದವು. ವಿಷಯ ನನ್ನವ್ವನ ಕಿವಿಗೆ ಬಿತ್ತು. "ಅಲ್ಲ ಅಕ್ಕಾ, ಒಡಹುಟ್ಟಿದ ತಮ್ಮನ ಹೊಟ್ಟಿ ಮ್ಯಾಲ ಹೊಡಿತಿಯೇನ? ಮಂದಿ ಹೋಗ್ಯಾರಂತ ನೀನೂ ಹೊಂಟಿ?" ಎಂದು ಅತ್ತೇಬಿಟ್ಟಳು. ಮಾಮನ ಕೋಣೆಯಲ್ಲಿ ಕುರ್ಚಿಗಳು ಖಾಲಿಯಾಗುತ್ತಿದ್ದ ಕಾಲ ಅದು. ದೊಡ್ಡವ್ವ ನನ್ನ ಕಡೆ ತಿರುಗಿ, "ನಾಳೆ ಗಂಗಾವತಿಗೆ ಹೋಗೂಣು, ಬರ್ತಿಯೇನವ್ವಾ?" ಎಂದಳು. ಜಗಳ ನೋಡುವ ಆಸೆಯಿಂದ ನಾನು ಒಪ್ಪಿದೆ ಎಂದು ಈಗ ಹೇಳಿದರೆ ತಪ್ಪಿಲ್ಲ.

ಕೋಣೆಯಲ್ಲಿ ಮಾಮ ಒಬ್ಬನೇ ಇದ್ದ. ಅಕ್ಕನಿಗೆ ಫ್ಯಾನಿನ ಕೆಳಗಿನ ಕುರ್ಚಿ ಎಳೆದು ಕೊಟ್ಟ, ಚಹಾ ತರಿಸಿದ. ದೊಡ್ಡವ್ವ ಬಟ್ಟಲು ಮುಟ್ಟದೆ ಹೇಳಿದಳು: "ವೀರೇಶ, ನಾನು ನಿನ್ನ ಕಂಪನಿ ಬಿಟ್ಟು ಅಗ್ಗದ್ದೊಂದು ಹಿಡೀಬೇಕಂತ ಮಾಡೀನಿ. ಮೂರು ನೋಡೀನಿ. ಯಾವುದು ಛಲೋ ಅಂತ ನೀನ ಹೇಳಬೇಕು. ಇದರಾಗ ನಿನಗಿಂತ ತಿಳಿದವರು ನನಗ ಯಾರದಾರ?"

ಮಾಮನ ಮುಖ ಕೆಂಪಾಯಿತು. ಎದ್ದು ಟಿವಿ ಆರಿಸಿದ. ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತ. ಕೆಳಗೆ ಹಮಾಲರು ಚೀಲ ಎತ್ತುತ್ತಿದ್ದರು. ನಾನು ಚಹಾ ಕುಡಿಯಲೋ ಬಿಡಲೋ ತಿಳಿಯದೆ ಬಟ್ಟಲು ಹಿಡಿದು ಕೂತಿದ್ದೆ.

"ಎಲ್ಲಾರೂ ಹೇಳದಂಗ ಹೋದರು ಅಕ್ಕಾ" ಎಂದ, ತಿರುಗದೆಯೇ. "ಎದುರಿಗೆ ಬಂದ್ರ ರಸ್ತಾ ದಾಟಿ ಆ ಕಡೆ ಹೊಕ್ಕಾರ. ನೀನೊಬ್ಬಾಕಿ ಬಂದು ಹೇಳಿದಿ."

ಆಮೇಲೆ ಕುರ್ಚಿ ಎಳೆದುಕೊಂಡು ಅಕ್ಕನ ಪಕ್ಕ ಕೂತ. "ಯಾವ ಮೂರು? ತೋರಸು."

ಅಲ್ಲಿಂದ ಮುಂದೆ ನಡೆದದ್ದು ನಾನು ಎಣಿಸಿದ ಜಗಳವಲ್ಲ. ಇಬ್ಬರೂ ಕನ್ನಡಕ ಏರಿಸಿ ಫೋನಿನ ಮೇಲೆ ಬಗ್ಗಿದರು. "ಇವರು ಪುಕ್ಕಟ ಅಂತಾರ ನೋಡು, ಅದು ಕೊಳ್ಳಾಕ. ಮಾರೂ ದಿನ ಬ್ಯಾರೆ ಚಾರ್ಜ್ ಐತಿ, ಖಾತಿ ಇಟ್ಟದ್ದಕ್ಕ ವರ್ಷಾ ವರ್ಷಾ ಬ್ಯಾರೆ. ಎಲ್ಲಾ ಕೂಡಿಸಿ ನೋಡಬೇಕು" ಎಂದ ಮಾಮ. ಎರಡನೆಯದು ಷೇರು ಕೊಳ್ಳಲು ಉದ್ರಿ ಕೊಡುವ ಕಂಪನಿ. "ಉದ್ರಿಗೆ ಬಡ್ಡಿ ಇರ್ತೈತಿ. ಮತ್ತ ಮತ್ತ ಆಡ್ರಿ ಅಂತ ದಿನಾ ಗಂಟಿ ಬಾರಸ್ತಾರ. ನೀನು ದಿನಾ ಆಡಾಕೇನು? ಬೀಜ ಹಾಕಿ ಸುಮ್ನ ಕೂಡಾಕಿ." ಮೂರನೆಯದರಲ್ಲಿ ಥಳುಕು ಕಡಿಮೆ, ಎಲ್ಲ ಖರ್ಚೂ ಒಂದೇ ಪುಟದಲ್ಲಿ ಬರೆದಿತ್ತು. ಸರ್ಕಾರಿ ನೋಂದಣಿ ನಿಜವೇ ಎಂದು ಮಾಮ ತಾನೇ ಹುಡುಕಿ ನೋಡಿದ. "ಇದಾಗಲಿ" ಎಂದ. ಹಳೆಯ ಖಾತೆಯ ಷೇರುಗಳನ್ನು ಹೊಸದಕ್ಕೆ ಸಾಗಿಸುವ ಕಾಗದವನ್ನೂ ತನ್ನ ಕೈಯಾರೆ ತುಂಬಿ, ಅಕ್ಕ ಸಹಿ ಮಾಡುವ ಜಾಗಕ್ಕೆ ಬೆರಳಿಟ್ಟು ತೋರಿಸಿದ.

ಅಷ್ಟಕ್ಕೇ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಮಾಮ ಆಮೇಲೆ ಬಹಳ ದಿನ ಕುಷ್ಟಗಿಯ ಕಡೆ ಸುಳಿಯಲಿಲ್ಲ. ನಾಗರಪಂಚಮಿಗೆ ಶೇಂಗಾದ ಉಂಡಿ ಕಳಿಸಿದರೆ ಬಂತು ಎಂದೂ ಹೇಳಲಿಲ್ಲ. ಮುಂದಿನ ವರ್ಷ ಕೋಣೆಗೆ ಬೀಗ ಹಾಕಿ, ಕೆಳಗಿನ ಗಿರಣಿಯಲ್ಲೇ ಮ್ಯಾನೇಜರ್ ಕೆಲಸಕ್ಕೆ ಸೇರಿದ. ಸಂಬಳ ಗಟ್ಟಿಯಾಯಿತು, ಮಾತು ಕಡಿಮೆಯಾಯಿತು. ನನ್ನವ್ವ ದೊಡ್ಡವ್ವನ ಮೇಲೆ ಮುನಿಸು ಬಿಡಲಿಲ್ಲ. ದೊಡ್ಡವ್ವ ಹೊಸ ಖಾತೆಯಲ್ಲಿ ಏನನ್ನೂ ಕೊಳ್ಳಲಿಲ್ಲ.

ಕೊನೆಗೊಂದು ಮುಂಜಾನೆ ಅವಳೇ ಮಾಮನಿಗೆ ಫೋನ್ ಹಚ್ಚಿದಳು. ನಾನು ಅಲ್ಲೇ ಉಪ್ಪಿಟ್ಟು ತಿನ್ನುತ್ತಿದ್ದೆ. "ಆ ಬಣ್ಣದ ಕಂಪನಿದು ಎರಡು ತಗೊಳ್ಳಲೇನಪಾ?"

"ಬ್ಯಾಡ. ಭಾಳ ಏರೈತಿ. ಸುಮ್ನ ಕುಂದ್ರು."

ದೊಡ್ಡವ್ವ ಫೋನು ಹಿಡಿದುಕೊಂಡೇ ನಕ್ಕಳು. "ಇಷ್ಟ ವರ್ಷದಾಗ ನನಗ 'ಬ್ಯಾಡ' ಅಂದದ್ದು ಇದ ಮೊದಲು ನೋಡು ವೀರೇಶ."

ಆ ಕಡೆಯಿಂದ ಮಾಮನ ನಗು, ಮೊದಲು ಮೂಗಿನಲ್ಲಿ, ಆಮೇಲೆ ಗಂಟಲು ಬಿಟ್ಟು. "ಆಗ ಬ್ಯಾಡ ಅಂದಿದ್ರ ನನ್ನ ದಲಾಲಿ ಎಲ್ಲಿಂದ ಬರ್ತಿತ್ತಬೇ ಅಕ್ಕಾ!" ಅಂದಿನಿಂದ ಅವರಿಬ್ಬರ ನಡುವೆ ದಲ್ಲಾಳಿ ಎಂಬವನಿರಲಿಲ್ಲ. ವಾರಕ್ಕೊಮ್ಮೆ ಫೋನಿನಲ್ಲಿ ಕಂಪನಿಗಳನ್ನು ಜರೆಯುತ್ತ, ಹೊಗಳುತ್ತ, ನಡುವೆ ಮನೆ ಸುದ್ದಿ ಹೇಳಿಕೊಳ್ಳುತ್ತ ಕೂಡುತ್ತಿದ್ದರು. ಪಂಚಮಿಗೆ ಮಾಮನೇ ಬಂದು ಉಂಡಿ ಒಯ್ದ. ದೊಡ್ಡವ್ವ ತೀರಿಕೊಳ್ಳುವ ತನಕ ಅದು ತಪ್ಪಲಿಲ್ಲ.

ಇದೆಲ್ಲ ನೆನಪಾದದ್ದು ಸುಮ್ಮನೆ ಅಲ್ಲ. ನನಗೂ ಈಗ ನಿವೃತ್ತಿಯಾಗಿದೆ. ಖರ್ಚು, ಉದ್ರಿ, ನೋಂದಣಿ ಎಲ್ಲ ಕೂಡಿಸಿ ನೋಡಿ ಹೋದ ವಾರ ಒಂದು ಖಾತೆ ತೆರೆದಿದ್ದೇನೆ. ಮೊದಲ ಷೇರನ್ನು ಮಾಮನ ಪಕ್ಕ ಕೂತೇ ಕೊಳ್ಳಬೇಕೆಂದು ಕೊಪ್ಪಳದಿಂದ ಹೊರಟೆ. ಬಸ್ಸು ತಡಮಾಡಿತು, ಮಾಮನ ಮನೆಯಲ್ಲಿ ಊಟವಾಯಿತು, ಮಾತಾಯಿತು. ಫೋನು ತೆಗೆದಾಗ ಪೇಟೆ ಮುಚ್ಚಿ ಅರ್ಧ ತಾಸಾಗಿತ್ತು.

"ಹೋಗಲಿ ಬಿಡು" ಎಂದ ಮಾಮ. "ಅದಿರಲಿ, ನಿನಗ ಏನಾಗಬೇಕಂತ ಷೇರು ತಗೊಳ್ಳಾಕತ್ತಿ?"

ಯೋಚಿಸಿದೆ. ಪಿಂಚಣಿ ಸಾಕಾಗುತ್ತದೆ. "ಅದರಾಗ ಏನೈತಿ ನೋಡಬೇಕಂತ ಮಾಮಾ" ಎಂದೆ, ಸಾಲಿ ಹುಡುಗಿಯಂತೆ.

"ಹಂಗಾದ್ರ ಗಡಿಬಿಡಿ ಏನೈತಿ? ಇವತ್ತು ಇಲ್ಲೇ ಇರು. ಪ್ಯಾಟಿ ಮುಂಜಾನೆ ತೆಗೀತೈತಿ" ಎಂದು ಒಳಗೆ ಅತ್ತೆಗೆ ಕೂಗಿ ಹೇಳಿದ, ರಾತ್ರಿಗೆ ಒಂದು ರೊಟ್ಟಿ ಹೆಚ್ಚು ಬಡಿಯಲು. ನಾನು ಮನೆಗೆ ಫೋನ್ ಮಾಡಿ ಇವತ್ತು ಬರುವುದಿಲ್ಲ ಎಂದೆ. ಏನು ಕೆಲಸವೆಂದು ಯಜಮಾನರು ಕೇಳಿದರು. "ವ್ಯವಹಾರದ ಮಾತು ಐತ್ರಿ" ಎಂದೆ. ಮಾಮ ಪಕ್ಕದಲ್ಲಿ ಕೂತು ಬಾಯಿಗೆ ಟವೆಲ್ ಒತ್ತಿಕೊಂಡು ನಗುತ್ತಿದ್ದ.