ದೊಡ್ಡವ್ವ ಬರೆದ ಮೆಣಸಿನಕಾಯಿ

ಇವತ್ತು ಬೆಳಗ್ಗೆ ಹಾವೇರಿಯ ನಮ್ಮ ಕಾಲೇಜಿನ ಕಪಾಟು ತೆರೆದವಳೇ ಮೂರು ಸಲ ಸೀನಿದೆ. ಹಳೆಯ ಹಾಳೆಗಳ ಕಟ್ಟಿನಲ್ಲಿ ಇನ್ನೂ ಬ್ಯಾಡಗಿಯ ಘಾಟು! "ಇವೆಲ್ಲ ತಪ್ಪು ಚಿತ್ರ ಅದಾವ್ರಿ ಮೇಡಂ, ಒಗೀಲ್ಯಾ?" ಎಂದಳು ವಿದ್ಯಾರ್ಥಿನಿ. ಎಸೆಯುವುದೇ? ಕಟ್ಟನ್ನು ಎದೆಗವಚಿಕೊಂಡೆ. ಯಾಕೆಂದು ನೀವೂ ಕೇಳಿ.

ಕೆಲವು ವರ್ಷಗಳ ಹಿಂದೆ ನನಗೊಂದು ಹುಚ್ಚು ಹಿಡಿದಿತ್ತು. ಕೈಯಲ್ಲಿ ಗೀಚಿದ ಚಿತ್ರ ನೋಡಿ ಅದೇನೆಂದು ಕಂಪ್ಯೂಟರ್ ಹೇಳಬೇಕು! ಒಂದೇ ವಸ್ತುವನ್ನು ಹತ್ತಾರು ಜನರಿಂದ ಬರೆಸಿ ತೋರಿಸುತ್ತ ಹೋದರೆ ಅದು ತಾನೇ ಗುರುತು ಹಿಡಿಯಲು ಕಲಿಯುತ್ತದೆ. ನನ್ನ ವಿದ್ಯಾರ್ಥಿಗಳು ಕೊಡ, ಹುಳ, ಮೆಣಸಿನಕಾಯಿ ಬರೆದು ರಾಶಿ ಹಾಕಿದರು. ಯಂತ್ರ ಪಟಪಟನೆ ಹೇಳತೊಡಗಿತು. ನನಗೋ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಲ್ಯಾಪ್‌ಟಾಪ್ ಹೊತ್ತು ಬ್ಯಾಡಗಿಗೆ, ದೊಡ್ಡವ್ವನ ಬಳಿಗೆ ಓಡಿದೆ. ಶಾಲೆಯ ಮೆಟ್ಟಿಲು ಹತ್ತದ ದೊಡ್ಡವ್ವ ಮದುವೆಯಾಗಿ ಬಂದಾಗಿನಿಂದ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದಾಕೆ. ಜೊತೆಯ ಹೆಂಗಸರೆಲ್ಲ ಮುತ್ತಿಕೊಂಡರು. ಅವಳು ಸೆರಗಿಗೆ ಕೈ ಒರೆಸಿ, ಜನ್ಮದಲ್ಲಿ ಮೊದಲ ಸಲ ಪೆನ್ನು ಹಿಡಿದು, ಸುಕ್ಕುಸುಕ್ಕಾದ ಒಂದು ಮೆಣಸಿನಕಾಯಿ ಬರೆದಳು. ಅದರ ಫೋಟೊ ಯಂತ್ರಕ್ಕೆ ತೋರಿಸಿದೆ. "ಹುಳ" ಎಂದಿತು.

ಹೆಂಗಸರು ಬಿದ್ದು ಬಿದ್ದು ನಕ್ಕರು. ದೊಡ್ಡವ್ವನ ಮುಖ ಇಷ್ಟೇ ಇಷ್ಟಾಯಿತು. "ನನ್ನ ಕೈಗೆ ಇದೆಲ್ಲ ಬರಂಗಿಲ್ಲ ಬಿಡವಾ," ಎಂದು ಪೆನ್ನು ಇಟ್ಟುಬಿಟ್ಟಳು. ನಾನಾದರೂ ಸುಮ್ಮನಿರಬಾರದೆ? "ತೊಟ್ಟು ಬರಿಯಾಕ ಮರತಿ ದೊಡ್ಡವ್ವಾ!" ಎಂದೆ.

"ದಿನಾ ತೊಟ್ಟು ಬಿಡಸಾಕಿ ನಾ. ಬಿಡಿಸಿದ್ದನ್ನ ಮತ್ತ ಹಚ್ಚಲೇನು?"

ಅಯ್ಯೋ ನನ್ನ ಬುದ್ಧಿಯೇ! ನಮ್ಮ ವಿದ್ಯಾರ್ಥಿಗಳೆಲ್ಲ ತೊಟ್ಟಿಟ್ಟೇ ಬರೆದಿದ್ದರು. ತೊಟ್ಟಿದ್ದರೆ ಮಾತ್ರ ಮೆಣಸಿನಕಾಯಿ ಎಂದು ಯಂತ್ರ ತಿಳಿದಿತ್ತು. ಕಲಿಸಿದ ಗುರು ನಾನೇ ತಾನೆ! ಅಲ್ಲೇ ಕುಳಿತು ಆ ಹೆಂಗಸರಿಂದೆಲ್ಲ ಹಾಳೆ ತುಂಬಿಸಿಕೊಂಡೆ. ಎಂಟು ದಿನ ಯಂತ್ರಕ್ಕೆ ಮತ್ತೆ ಪಾಠ ಹೇಳಿ ಬ್ಯಾಡಗಿಗೆ ಹೋದೆ.

"ಮತ್ತ ನಗಸಾಕ ಬಂದೀಯೇನು?" ಎಂದಳು ದೊಡ್ಡವ್ವ. ಕೈಮುಗಿದೆ. ಒಲ್ಲದ ಮನಸ್ಸಿನಿಂದ ಬರೆದಳು. ಈ ಸಲವೂ ತೊಟ್ಟಿಲ್ಲ! ಫೋಟೊ ತೆಗೆದು ತೋರಿಸಿದೆ. "ಮೆಣಸಿನಕಾಯಿ" ಎಂದಿತು ಯಂತ್ರ. ಹೆಂಗಸರು ಹೋ ಎಂದು ಚಪ್ಪಾಳೆ ತಟ್ಟಿದರು. ನನಗೆ ಕಣ್ಣೀರೇ ಬಂತು, ಪುಣ್ಯಕ್ಕೆ ನೆಪ ಹೇಳಲು ಘಾಟಿತ್ತು. ದೊಡ್ಡವ್ವ ಪರದೆಯನ್ನು ಬೆರಳಿನಿಂದ ತಿವಿದು, "ಈಗ ಶಾಣ್ಯಾ ಆತು ನೋಡು," ಎಂದಳು.

ಆ ಹೆಂಗಸರು ಬರೆದ ಹಾಳೆಗಳ ಕಟ್ಟನ್ನು ಇವತ್ತು ಮತ್ತೆ ಜೋಪಾನವಾಗಿ ಕಪಾಟಿನಲ್ಲಿಟ್ಟೆ. ಈ ವರ್ಷ ಯಂತ್ರಕ್ಕೆ ರೊಟ್ಟಿ ಕಲಿಸಬೇಕು. ವಿದ್ಯಾರ್ಥಿನಿ ಆಗಲೇ ದುಂಡಗೆ ಒಂದು ಗೆರೆ ಎಳೆದು ಮುಗಿಸಿದ್ದಳು. "ತಡಿ ತಡಿ" ಎಂದು ದೊಡ್ಡವ್ವನಿಗೆ ಫೋನು ಮಾಡಿ, ವಿದ್ಯಾರ್ಥಿನಿಗೂ ಕೇಳುವಂತೆ ಸ್ಪೀಕರ್ ಹಾಕಿದೆ. "ನಮಗೊಂದು ರೊಟ್ಟಿ ಬರದು ಕೊಡತಿಯೇನು?"

"ಬಡಿದದ್ದು ಬರೀಲ್ಯೊ, ಬೇಸಿದ್ದು ಬರೀಲ್ಯೊ?"

ವಿದ್ಯಾರ್ಥಿನಿ ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ರಬ್ಬರು ಎತ್ತಿಕೊಂಡಳು.