ಗಾಳಿ ಒತ್ತುವ ಎಡಗೈ

ವಿಶ್ವಾರಾಧ್ಯರ ಎಡಗೈಯಂಥ ಮೊಂಡು ಕೈಯನ್ನು ನನ್ನ ಇಪ್ಪತ್ತಾರು ವರ್ಷದ ಪಾಠದಲ್ಲಿ ನಾನು ನೋಡಿಲ್ಲ. ಹಾಗಂತ ನೋಡಿದ ಮೊಂಡು ಕೈಗಳೇನು ಕಡಿಮೆಯಲ್ಲ. ಚಾಮರಾಜಪೇಟೆಯ ನಮ್ಮ ಮನೆಯ ಮಹಡಿ ಮೇಲೆ ನಾನು ಪಿಯಾನೋ ಹೇಳಿಕೊಡುತ್ತೇನೆ. ಬರುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಸಂಗೀತ ಬೇಕಾಗಿಲ್ಲ, ಗ್ರೇಡ್ ಪರೀಕ್ಷೆಯ ಸರ್ಟಿಫಿಕೇಟ್ ಬೇಕು. ಮಕ್ಕಳಿಗೆ ಎರಡೂ ಬೇಡ. ಪರೀಕ್ಷೆಗೆ ಬೇಕಾದ ಮೂರು ತುಣುಕನ್ನು ಮಗ್ಗಿ ಉರು ಹೊಡೆಸಿದ ಹಾಗೆ ಹೊಡೆಸಿ ಪಾಸು ಮಾಡಿಸುತ್ತೇನೆ. ಮಾರನೆಯ ವಾರದಿಂದ ಅವರ ಮುಖ ಕಾಣುವುದಿಲ್ಲ. ಕಳೆದ ವರ್ಷ ಜೂನ್‌ನಲ್ಲಿ ಇಂಥ ಮಕ್ಕಳ ಮಧ್ಯೆ ಐವತ್ತೈದು ವರ್ಷದ ಈ ಮನುಷ್ಯ ಚಪ್ಪಲಿ ಬಿಟ್ಟು ಒಳಗೆ ಬಂದು, ಪಿಯಾನೋಗೆ ಕೈಮುಗಿದು ಕೂತರು.

ಅವರು ಬಸವನಗುಡಿಯ ಒಂದು ಖಾಸಗಿ ಶಾಲೆಯ ಸಂಗೀತದ ಮೇಷ್ಟ್ರು. ಬೆಳಗಿನ ಪ್ರಾರ್ಥನೆಗೆ ಇಪ್ಪತ್ತೆರಡು ವರ್ಷದಿಂದ ಹಾರ್ಮೋನಿಯಂ ನುಡಿಸುತ್ತಿದ್ದರು. ಶನಿವಾರ ಹನುಮಂತನಗರದ ಭಜನೆ ಮಂಡಳಿಯಲ್ಲೂ ಅದೇ ಕೆಲಸ. ಅವರ ನೆಮ್ಮದಿಗೆ ಕಲ್ಲು ಹಾಕಿದ್ದು ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷ ದೊಡ್ಡಬೈರಪ್ಪ. ಸೈಟು ಮಾರಿ ಬೆಳೆದ ಮನುಷ್ಯ. ಯಾವುದೋ ಮದುವೆ ಹಾಲ್‌ನಲ್ಲಿ ಪಿಯಾನೋ ನೋಡಿದರಂತೆ, ಶಾಲೆಗೊಂದು ದಾನ ಮಾಡಿಬಿಟ್ಟರು. ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅನ್ನುತ್ತಾರೆ. ಇವರು ಕೊಟ್ಟಿದ್ದು ಇಡೀ ಬಸವನಗುಡಿಗೆ ಗೊತ್ತಾಗಲಿ ಅಂತ ಪಿಯಾನೋದ ನುಣ್ಣನೆ ಮರಕ್ಕೆ ನಾಲ್ಕು ಮೊಳೆ ಹೊಡೆಸಿ ತಮ್ಮ ಹೆಸರಿನ ಹಿತ್ತಾಳೆ ಫಲಕ ಕೂರಿಸಿದರು. ಆ ಮೊಳೆ ನೋಡಿದ ದಿನ ನನಗೆ ಊಟ ಸೇರಲಿಲ್ಲ.

"ಡಿಸೆಂಬರ್ ವಾರ್ಷಿಕೋತ್ಸವಕ್ಕೆ ಪ್ರಾರ್ಥನೆ ಇದರಲ್ಲೇ ಆಗ್ಬೇಕಂತೆ ಮೇಡಂ," ಅಂದರು ವಿಶ್ವಾರಾಧ್ಯರು. "ಎರಡು ಕೈಲೂ ನುಡಿಸ್ಬೇಕಂತೆ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀವಿ ಅಂದ್ಬಿಟ್ರು. ರಿಟೈರ್ ಆಗೋಕೆ ಇನ್ನೂ ಮೂರು ವರ್ಷ ಇದೆ."

"ಆರು ತಿಂಗಳಲ್ಲಿ ಪಿಯಾನೋ ಬರತ್ತೆ ಅಂತ ಯಾರು ಹೇಳಿದ್ದು ನಿಮಗೆ?" ಅಂದೆ.

"ಅದೂ ಇದೂ ಒಂದೇ ಅಲ್ವಾ ಮೇಡಂ, ಅದೇ ಸರಿಗಮ."

ಈ ಮಾತಿಗೇ ಅವರನ್ನು ಮೆಟ್ಟಿಲಿಳಿಸಿ ಕಳಿಸಬೇಕಿತ್ತು. ಕಳಿಸಲಿಲ್ಲ, ಇವರ ಗರ್ವ ಹೇಗೆ ಇಳಿಯುತ್ತೆ ನೋಡೋಣ ಅನ್ನೋ ಕೆಟ್ಟ ಆಸೆ ನನಗೆ.

ಹಾರ್ಮೋನಿಯಂನಲ್ಲಿ ನುಡಿಸುವುದೆಲ್ಲ ಬಲಗೈ. ಎಡಗೈಗೆ ಒಂದೇ ಚಾಕರಿ, ಪೆಟ್ಟಿಗೆಯ ಹಿಂದಿನ ಹಲಗೆಯನ್ನು ಒತ್ತಿ ಬಿಟ್ಟು ಗಾಳಿ ತುಂಬುವುದು. ಪಿಯಾನೋದಲ್ಲಿ ಹಾಗಲ್ಲ, ಎರಡು ಕೈಗೂ ಬೇರೆ ಬೇರೆ ಸಂಸಾರ. ಮೊದಲ ಪಾಠ ಅತಿ ಸುಲಭದ್ದು ಕೊಟ್ಟೆ. ಎಡಗೈ ಒಂದು ಕೀ ಒತ್ತಿ ನಾಲ್ಕು ಎಣಿಸುವವರೆಗೆ ಹಿಡಿದಿರಬೇಕು, ಅಷ್ಟರಲ್ಲಿ ಬಲಗೈ ನಾಲ್ಕು ಸ್ವರ ನುಡಿಸಬೇಕು. ಬಲಗೈ ಲಕ್ಷಣವಾಗಿ ಶುರು ಮಾಡಿತು. ಎಡಗೈ ಒಂದು ಕ್ಷಣ ಕೀ ಮೇಲಿತ್ತು, ಆಮೇಲೆ ಮೆಲ್ಲಗೆ ಎದ್ದು, ಇಲ್ಲದ ಹಲಗೆಯನ್ನು ಒತ್ತತೊಡಗಿತು. ಮುಂದೆ, ಹಿಂದೆ, ಮುಂದೆ, ಹಿಂದೆ.

"ಯಾರಿಗೆ ಗಾಳಿ ಹಾಕ್ತಿದೀರಿ ಮೇಷ್ಟ್ರೇ? ನನಗೆ ಸೆಕೆ ಆಗ್ತಿಲ್ಲ."

ಅವರು ಗಾಬರಿಯಾಗಿ ತಮ್ಮ ಕೈಯನ್ನೇ ನೋಡಿಕೊಂಡರು. ಕೈ ಎದ್ದದ್ದು ಅವರಿಗೆ ಗೊತ್ತೇ ಇರಲಿಲ್ಲ.

ಆಮೇಲೆ ನಾನು ಮಾಡಿಸದ ಕಸರತ್ತಿಲ್ಲ. ಎಡಗೈ ಒಂದರಲ್ಲೇ ತಿಂಗಳುಗಟ್ಟಲೆ ನುಡಿಸಲು ಹಚ್ಚಿದೆ. ಮೇಜಿನ ಮೇಲೆ ಬಲಗೈಲಿ ಎರಡು ಏಟು, ಎಡಗೈಲಿ ಒಂದು ಏಟು ಹಾಕಿಸಿದೆ. ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಮೇಲೆ ಅದನ್ನೇ ಅಭ್ಯಾಸ ಮಾಡಿ ಯಾರದೋ ಬೆನ್ನಿಗೆ ತಟ್ಟಿ ಬೈಸಿಕೊಂಡು ಬಂದರು. ಒಂದೊಂದು ಕೈ ಬೇರೆಯಾಗಿ ಚೆನ್ನಾಗಿಯೇ ನುಡಿಸುತ್ತಿತ್ತು. ಎರಡನ್ನೂ ಕೂಡಿಸಿದ ತಕ್ಷಣ ಎಡಗೈ ತನ್ನ ತವರುಮನೆ ದಾರಿ ಹಿಡಿಯುತ್ತಿತ್ತು. ಸಂಜೆ ನಾನು ಕಲಿಸಿದ್ದನ್ನು ಬೆಳಗಿನ ಪ್ರಾರ್ಥನೆಯ ಹಾರ್ಮೋನಿಯಂ ಅಳಿಸಿ ಹಾಕುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ನನ್ನ ಕೆಲಸ.

ಅದೇ ಪಾಠವನ್ನು, ಅವರಿಗಿಂತ ಮುಂಚಿನ ಪಾಳಿಗೆ ಬರುವ ಏಳು ವರ್ಷದ ರಕ್ಷಿತಾ ಎರಡನೇ ಸಲಕ್ಕೇ ನುಡಿಸಿ, ಕಾಲು ಆಡಿಸುತ್ತಾ ಕೂತಿತ್ತು.

"ಹೇಗೆ ಮಾಡ್ತೀಯಮ್ಮ?" ಅಂತ ಇವರು ಆ ಮಗುವನ್ನು ಬಹಳ ವಿನಯದಿಂದ ಕೇಳಿದರು.

"ಗೊತ್ತಿಲ್ಲ ಅಂಕಲ್. ಬರತ್ತೆ."

"ನಿಮಗೆ ಮಾತ್ರ ಬರಲ್ಲ," ಅಂದೆ ನಾನು. "ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ಹಾಗೆ." ಇನ್ನೂ ಏನೇನೋ ಅಂದಿದ್ದೇನೆ, ಇಲ್ಲಿ ಬರೆಯಲು ನಾಚಿಕೆ. ಅವರು ಒಂದು ದಿನವೂ ಎದುರಾಡಲಿಲ್ಲ, ಒಂದು ದಿನವೂ ತಪ್ಪಿಸಲಿಲ್ಲ. ಅದೂ ನನಗೆ ಸಿಟ್ಟು ತರಿಸುತ್ತಿತ್ತು.

ಡಿಸೆಂಬರ್ ಹೊತ್ತಿಗೆ ಎಡಗೈ ನಾಲ್ಕು ಕೀ ಕಲಿತಿತ್ತು. ಎತ್ತಿನಗಾಡಿ ವೇಗದಲ್ಲಿ ಹೋದರೆ ಇಡೀ ಪ್ರಾರ್ಥನೆ ದಾಟುತ್ತಿತ್ತು. ಮಕ್ಕಳು ನಿಧಾನಕ್ಕೆ ಹಾಡಿದರೆ ಕೆಲಸ ಉಳಿಯುತ್ತದೆ ಅಂತ ಲೆಕ್ಕ ಹಾಕಿದೆವು.

ವಾರ್ಷಿಕೋತ್ಸವಕ್ಕೆ ನನ್ನನ್ನೂ ಅತಿಥಿ ಅಂತ ಕರೆದು ವೇದಿಕೆ ಮೇಲೆ ದೊಡ್ಡಬೈರಪ್ಪನವರ ಪಕ್ಕ ಕೂರಿಸಿದರು. ಮೊದಲ ಎರಡು ಸಾಲು ಸರಿಹೋಯಿತು. ಎಡಗೈ ಕೂತಲ್ಲೇ ಕೂತಿತ್ತು. ಮೂರನೇ ಸಾಲಿಗೆ, ಅಪ್ಪ ಅಮ್ಮಂದಿರ ಮೊಬೈಲ್ ಕ್ಯಾಮೆರಾ ಕಂಡ ಮಕ್ಕಳು ಹಾಡುವ ವೇಗ ಏರಿಸಿ ಓಟ ಕಿತ್ತರು. ವಿಶ್ವಾರಾಧ್ಯರ ಬಲಗೈ ಅವರ ಹಿಂದೆ ಓಡಿತು. ಎಡಗೈ ಎದ್ದಿತು. ಆರುನೂರು ಜನರ ಎದುರು ಪ್ರಾರ್ಥನೆ ಮುಗಿಯುವವರೆಗೂ ಅದು ಗಾಳಿ ಒತ್ತಿತು. ಅವರ ಕೆಲಸ ಹೋಯಿತು ಅಂದುಕೊಂಡು ನಾನು ತಲೆ ತಗ್ಗಿಸಿದೆ.

ದೊಡ್ಡಬೈರಪ್ಪ ನನ್ನ ಕಡೆ ಬಾಗಿದರು. "ಏನ್ ಭಾವ ನೋಡಿ ಮೇಡಂ ಆ ಕೈಲಿ. ಫಾರಿನ್‌ನಲ್ಲಿ ಹಿಂಗೇ ಅಲ್ವಾ ನುಡಿಸೋದು?" ಹಾಗಂದವರೇ ಎದ್ದು ಚಪ್ಪಾಳೆ ಹೊಡೆದರು. ಅಧ್ಯಕ್ಷರು ಎದ್ದ ಮೇಲೆ ಸಭೆ ಕೂತಿರುತ್ತದೆಯೇ? ಆರುನೂರು ಜನವೂ ಎದ್ದರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಮೈಕು ನನ್ನ ಕೈಗೆ ಬಂತು. ಆರು ತಿಂಗಳು ಆ ಕೈಯನ್ನು ಬಾಯಿಗೆ ಬಂದಂತೆ ಬೈದಿದ್ದ ನಾನು, "ಅದ್ಭುತವಾಗಿ ನುಡಿಸಿದರು, ಎರಡೂ ಕೈ ಬಹಳ ಚೆನ್ನಾಗಿ ಪಳಗಿದೆ," ಅಂದೆ. ವಿಶ್ವಾರಾಧ್ಯರಿಗೆ ಶಾಲು ಹೊದಿಸಿದರು, ಕೆಲಸ ಉಳಿಯಿತು. ಶಾಲಿನ ಒಳಗಿಂದ ಅವರು ನನ್ನನ್ನು ನೋಡಿದರು. ಮುಖದಲ್ಲಿ ಸಂತೋಷ ಇರಲಿಲ್ಲ.

ಅಲ್ಲಿಗೆ ಮುಗಿಯಿತು, ಪಾಸಾದ ಮಕ್ಕಳ ಹಾಗೆ ಇವರೂ ಇನ್ನು ಬರುವುದಿಲ್ಲ ಅಂದುಕೊಂಡಿದ್ದೆ. ಸೋಮವಾರ ಸಂಜೆ ಸರಿಯಾಗಿ ಆರಕ್ಕೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು.

"ಕೆಲಸ ಉಳೀತಲ್ಲ ಮೇಷ್ಟ್ರೇ. ಇನ್ಯಾಕೆ?"

"ಕೈ ಇನ್ನೂ ಗಾಳಿ ಒತ್ತತ್ತಲ್ಲ ಮೇಡಂ." ನೆಲ ನೋಡುತ್ತಾ ಅಂದರು, "ಆರು ತಿಂಗಳು ಬೈದ್ರಿ, ನಂಗೆ ಒಂದಿನಾನೂ ಬೇಜಾರಾಗ್ಲಿಲ್ಲ. ನೀವು ಬೈದಿದ್ದೆಲ್ಲ ನಿಜ. ಮೊನ್ನೆ ಮೈಕಲ್ಲಿ ಹೊಗಳಿದ್ರಲ್ಲ, ಆಗ ಬೇಜಾರಾಯ್ತು. ಇವನಿಗೆ ಇಷ್ಟೇ ಸಾಕು ಅಂತ ನೀವೂ ನನ್ನ ಕೈಬಿಟ್ರಿ ಅನ್ನಿಸ್ತು."

ಇಪ್ಪತ್ತಾರು ವರ್ಷದಲ್ಲಿ ಪಾಸಾದ ಮೇಲೂ ಕಲಿಯಲು ವಾಪಸ್ಸು ಬಂದದ್ದು ಇವರೊಬ್ಬರೇ. ಇಷ್ಟು ದಿನ ನಾನು ಹೀಯಾಳಿಸಿದ್ದು ಇವರನ್ನೇ. ಬಹಳ ನಾಚಿಕೆಯಾಯಿತು.

ಅವರು ಪಿಯಾನೋಗೆ ಕೈಮುಗಿದು ಕೂತರು. ಹಾಲ್‌ನಲ್ಲಿ ಮಕ್ಕಳು ಓಟ ಕಿತ್ತ ಜಾಗದಿಂದಲೇ ನುಡಿಸಲು ಹೇಳಿದೆ. ನಾಲ್ಕು ಎಣಿಸುವಷ್ಟರಲ್ಲಿ ಎಡಗೈ ಮೆಲ್ಲಗೆ ಮೇಲೆದ್ದಿತು.

"ಎಲ್ಲಿಗೆ ಹೊರಟಿತು ಸವಾರಿ?" ಅಂತ ಗದರಿದೆ. "ದೊಡ್ಡಬೈರಪ್ಪನವರ ಎದುರು ನಡೀತು ಅಂತ ಇಲ್ಲೂ ನಡಿಯತ್ತಾ? ಇಳಿಸಿ ಕೈ."

ವಿಶ್ವಾರಾಧ್ಯರ ಮುಖ ಅರಳಿತು. ಕೈ ಇಳಿಸಿ, ಮೊದಲಿಂದ ಶುರು ಮಾಡಿದರು.